ಓದು ಬಿಟ್ಟು ವರ್ಷಗಳಾದ ಮೇಲೆ ಪಿಎಚ್‌ಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸ್ನಾತಕೋತ್ತರ ಪದವಿ ಮುಗಿಸಿ ಹತ್ತು ಹದಿನೈದು ವರ್ಷವಾದ ಮೇಲೆ ಪಿಎಚ್‌ಡಿಗೆ ಅರ್ಜಿ ಹಾಕಲು ಹೊರಟವರ ಪತ್ರಗಳೇ ಈ ಸಲ ಹೆಚ್ಚು ಬಂದಿವೆ. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇವೆ. ‘ನಿಯಮ’ ಎಂದಿರುವಲ್ಲೆಲ್ಲ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ನವೆಂಬರ್‌ನಲ್ಲಿ ಹೊರಡಿಸಿದ ಪಿಎಚ್‌ಡಿ ನಿಯಮಾವಳಿ ಎಂದು ಓದಿಕೊಳ್ಳಿ. ಅದರ ಮೇಲೆ ಒಂದೊಂದು ವಿಶ್ವವಿದ್ಯಾಲಯವೂ ತನ್ನದೇ ಷರತ್ತು ಸೇರಿಸಿರುತ್ತದೆ. ಹಾಗಾಗಿ ನೀವು ಅರ್ಜಿ ಹಾಕುವ ವಿವಿಯ ಆ ವರ್ಷದ ಅಧಿಸೂಚನೆಯನ್ನು ಮೊದಲಿನಿಂದ ಕೊನೆಯವರೆಗೆ ಓದದೆ ಹಣ ಕಟ್ಟಬೇಡಿ.

ನನಗೆ 41 ವರ್ಷ. 2007ರಲ್ಲಿ ಕನ್ನಡ ಎಂ.ಎ. ಆಯಿತು, ಶೇ 58 ಅಂಕ. ಮದುವೆ, ಮಕ್ಕಳು ಅಂತ ಓದು ಅಲ್ಲಿಗೇ ನಿಂತಿತು. ಈಗ ವಯಸ್ಸು ಮೀರಿತೇ? ನೆಟ್ ಪಾಸಾಗಲೇಬೇಕೇ?
– ಗೃಹಿಣಿ, ಹಾಸನ

ಪಿಎಚ್‌ಡಿ ಪ್ರವೇಶಕ್ಕೆ ನಿಯಮದಲ್ಲಿ ವಯೋಮಿತಿ ಇಲ್ಲ. ಎಂ.ಎ. ಮುಗಿದ ಇಷ್ಟು ವರ್ಷದೊಳಗೆ ಸೇರಬೇಕೆಂಬ ಗಡುವೂ ಇಲ್ಲ. ಬೇಕಿರುವುದು ಸ್ನಾತಕೋತ್ತರದಲ್ಲಿ ಶೇ 55. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಆರ್ಥಿಕವಾಗಿ ದುರ್ಬಲರು ಮತ್ತು ಅಂಗವಿಕಲರಿಗೆ ಶೇ 5ರ ರಿಯಾಯಿತಿ ಇದೆ. ನಿಮ್ಮ 58 ಸಾಕು.

ವಯಸ್ಸು ಅಡ್ಡ ಬರುವುದು ಫೆಲೋಷಿಪ್‌ಗೆ. ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಮೂಲಕ ಸಿಗುವ ಯುಜಿಸಿಯ ಕಿರಿಯ ಸಂಶೋಧನಾ ಫೆಲೋಷಿಪ್‌ಗೆ (ಜೆಆರ್‌ಎಫ್) ಮಿತಿ 30 ವರ್ಷ, ಮಹಿಳೆಯರಿಗೆ 5 ವರ್ಷ ಸಡಿಲಿಕೆ. ಅಂದರೆ 41ಕ್ಕೆ ಆ ಬಾಗಿಲು ಮುಚ್ಚಿದೆ. ಆದರೆ ಅದೇ ನೆಟ್ ಪರೀಕ್ಷೆಗೆ ಈಗ ಮೂರು ಫಲಿತಾಂಶಗಳಿವೆ: ಜೆಆರ್‌ಎಫ್, ಸಹಾಯಕ ಪ್ರಾಧ್ಯಾಪಕ ಅರ್ಹತೆ, ಬರೀ ಪಿಎಚ್‌ಡಿ ಪ್ರವೇಶದ ಅರ್ಹತೆ. ಈ ಮೂರನೆಯದು 2024ರ ಜೂನ್ ಪರೀಕ್ಷೆಯಿಂದ ಬಂದದ್ದು. ಎರಡನೆಯ, ಮೂರನೆಯ ಗುಂಪಿನವರ ಪ್ರವೇಶದಲ್ಲಿ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30 ತೂಕ. ಒಂದು ಎಚ್ಚರ: ಪ್ರವೇಶಕ್ಕಾಗಿ ಈ ಅಂಕ ಒಂದೇ ವರ್ಷ ಚಾಲ್ತಿಯಲ್ಲಿರುತ್ತದೆ. ನಿಮಗೆ ಬೇಕಾದ ವಿವಿ ಯಾವ ತಿಂಗಳಲ್ಲಿ ಅರ್ಜಿ ಕರೆಯುತ್ತದೆ ಎಂದು ನೋಡಿಕೊಂಡು ಜೂನ್ ಅಥವಾ ಡಿಸೆಂಬರ್ ಸರದಿಗೆ ಕೂರಿ. ಇಲ್ಲವಾದರೆ ಪಾಸಾದ ಅಂಕ ಅರ್ಜಿ ಕರೆಯುವ ಹೊತ್ತಿಗೆ ಹಳಸಿರುತ್ತದೆ.

ನೆಟ್ ಇಲ್ಲದೆಯೂ ದಾರಿಯಿದೆ. ರಾಜ್ಯದ ವಿವಿಗಳು ತಮ್ಮದೇ ಪ್ರವೇಶ ಪರೀಕ್ಷೆ ನಡೆಸುತ್ತವೆ. ಕೆ-ಸೆಟ್ (ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆ) ಆದವರಿಗೆ ಹಲವು ಕಡೆ ಆ ಪರೀಕ್ಷೆಯಿಂದ ವಿನಾಯಿತಿಯೂ ಉಂಟು. ನಿಮ್ಮ ವಿಷಯ ಕನ್ನಡವಾದ್ದರಿಂದ ಹಾಸನದ ಆಸುಪಾಸಿನ ವಿವಿಗಳ ಜೊತೆಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಅಧಿಸೂಚನೆಯ ಮೇಲೂ ಕಣ್ಣಿಡಿ.

ಅವಧಿ ಕನಿಷ್ಠ 3, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೆರಡು. ಮಹಿಳೆಯರಿಗೆ ಅದರ ಮೇಲೆ ಮತ್ತೆ ಎರಡು, ಒಟ್ಟು 10 ಮೀರುವಂತಿಲ್ಲ. ಹೆರಿಗೆ ಹಾಗೂ ಶಿಶುಪಾಲನೆಗೆ ಇಡೀ ಅವಧಿಯಲ್ಲಿ 240 ದಿನಗಳ ರಜೆಗೂ ಅವಕಾಶವಿದೆ. ಹತ್ತು ವರ್ಷ ಇದೆಯಲ್ಲ ಎಂದು ನಿಧಾನಿಸಬೇಡಿ. ನಾಲ್ಕನೆಯ ವರ್ಷ ದಾಟಿದ ಮೇಲೆ ಗೈಡ್‌ಗಳ ಉತ್ಸಾಹವೂ ಇಳಿಯುತ್ತದೆ, ಶುಲ್ಕ ಮಾತ್ರ ಪ್ರತಿವರ್ಷ ಕಟ್ಟುತ್ತಿರಬೇಕು.

ಇವತ್ತೇ ಮಾಡಬಹುದಾದ ಒಂದು ಕೆಲಸ: ಯೂನಿಕೋಡ್‌ನಲ್ಲಿ ಟೈಪ್ ಮಾಡುವುದನ್ನು ರೂಢಿಸಿಕೊಳ್ಳಿ. ನುಡಿ, ಬರಹದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದನ್ನು ಹುಡುಕಲು ಬರುವುದಿಲ್ಲ. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಯೂನಿಕೋಡ್‌ಗೆ ಪರಿವರ್ತಿಸಿದಾಗ ಒತ್ತಕ್ಷರ, ಅರ್ಕಾವತ್ತುಗಳು ಕೆಡುವುದುಂಟು. ಮುನ್ನೂರು ಪುಟ ಬರೆದಾದ ಮೇಲೆ ಅದನ್ನು ತಿದ್ದುತ್ತಾ ಕೂರುವ ಶಿಕ್ಷೆ ಬೇಡ.

ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡಬೇಕೆಂಬ ಆಸೆ. ಅದಕ್ಕಾಗಿ ಪಿಎಚ್‌ಡಿ ಮಾಡಬೇಕಲ್ಲವೇ?
– ಅತಿಥಿ ಉಪನ್ಯಾಸಕರು, ಚಿತ್ರದುರ್ಗ

ಅದೊಂದೇ ಕಾರಣವಾದರೆ ಬೇಡ. 2023ರ ಜುಲೈ 1ರಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ನೇರ ನೇಮಕಾತಿಗೆ ನೆಟ್, ಸೆಟ್ ಅಥವಾ ಸ್ಲೆಟ್ ಕನಿಷ್ಠ ಅರ್ಹತೆ, ಪಿಎಚ್‌ಡಿ ಐಚ್ಛಿಕ. ಕೆ-ಸೆಟ್‌ಗೆ ಆರು ತಿಂಗಳು ಮನಸ್ಸಿಟ್ಟು ಓದುವುದು ಐದು ವರ್ಷದ ಸಂಶೋಧನೆಗಿಂತ ಹತ್ತಿರದ ದಾರಿ. ಇನ್ನೊಂದು ಮಾತು: ಪಿಎಚ್‌ಡಿ ಪ್ರವೇಶಕ್ಕೆ ವಯೋಮಿತಿ ಇಲ್ಲದಿದ್ದರೂ ಸರ್ಕಾರಿ ಕಾಲೇಜಿನ ನೇಮಕಾತಿಗೆ ಇರುತ್ತದೆ. ಪದವಿ ಕೈಗೆ ಬರುವ ವರ್ಷಕ್ಕೆ ನಿಮ್ಮ ವಯಸ್ಸೆಷ್ಟಾಗುತ್ತದೆ ಎಂದು ಈಗಲೇ ಲೆಕ್ಕ ಹಾಕಿ.

ಮುಕ್ತ ವಿವಿಯಿಂದ ಎಂ.ಕಾಂ. ಮಾಡಿದ್ದೇನೆ. ಮನೆ ಬದಲಿಸುವಾಗ ಎರಡನೇ ವರ್ಷದ ಅಂಕಪಟ್ಟಿ ಕಳೆದುಹೋಯಿತು. ಮದುವೆಯ ನಂತರ ಆಧಾರ್‌ನಲ್ಲಿ ಹೆಸರೂ ಬದಲಾಗಿದೆ. ಪ್ರವರ್ಗ 3ಬಿ. ಯಾವ ಕಾಗದ ಮೊದಲು?
– ಬ್ಯಾಂಕ್ ನೌಕರರು, ಕಲಬುರಗಿ

ಬಹಳ ದಿನದ ನಂತರ ಅರ್ಜಿ ಹಾಕುವವರು ಪರೀಕ್ಷೆಯಲ್ಲಿ ಫೇಲಾಗುವುದಕ್ಕಿಂತ ಕಾಗದಪತ್ರದಲ್ಲಿ ಫೇಲಾಗುವುದೇ ಜಾಸ್ತಿ. ಅಧಿಸೂಚನೆ ಬಂದ ಮೇಲೆ ಸಿಗುವ ಮೂರು ನಾಲ್ಕು ವಾರದಲ್ಲಿ ಇವೆಲ್ಲ ಆಗುವುದಿಲ್ಲ. ಈಗಲೇ ಶುರು ಮಾಡಿ.

ಮೊದಲು ಪದವಿಯ ಮಾನ್ಯತೆ. ದೂರಶಿಕ್ಷಣದ ಪದವಿಯಿಂದಲೂ ಪಿಎಚ್‌ಡಿ ಸೇರಬಹುದು, ಆದರೆ ನೀವು ಪ್ರವೇಶ ಪಡೆದ ವರ್ಷ ಆ ಸಂಸ್ಥೆಯ ಆ ಕೋರ್ಸಿಗೆ ಯುಜಿಸಿಯ ಮಾನ್ಯತೆ ಇದ್ದಿರಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆ 2013ರ ನಂತರ ಕೆಲವು ವರ್ಷ ತಡೆಯಾಗಿತ್ತು, 2018–19ರಿಂದ ಮತ್ತೆ ದೊರೆಯಿತು. ನೀವು ಪತ್ರದಲ್ಲಿ ವರ್ಷ ಬರೆದಿಲ್ಲ. ಆ ನಡುವಿನ ವರ್ಷಗಳಲ್ಲಿ ಸೇರಿದವರಾದರೆ, ಅರ್ಜಿ ಹಾಕುವ ವಿವಿಯ ಕುಲಸಚಿವರಿಗೆ ಪ್ರವೇಶದ ವರ್ಷ ನಮೂದಿಸಿ ಪತ್ರ ಬರೆದು, ಲಿಖಿತ ಉತ್ತರ ಪಡೆಯಿರಿ. ಕೌಂಟರಿನಲ್ಲಿ ‘ಆಗುತ್ತೆ, ಹಾಕಿ’ ಎಂದದ್ದು ದಾಖಲೆ ಪರಿಶೀಲನೆಯ ದಿನ ಉಪಯೋಗಕ್ಕೆ ಬರುವುದಿಲ್ಲ.

ಕಳೆದ ಅಂಕಪಟ್ಟಿಗೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಛಾಪಾ ಕಾಗದದ ಮೇಲೆ ನೋಟರಿಯಿಂದ ಅಫಿಡವಿಟ್ ಮಾಡಿಸಿ. ನಿಮ್ಮ ಹಳೆಯ ವಿವಿಯ ಪರೀಕ್ಷಾ ವಿಭಾಗಕ್ಕೆ, ಅಂದರೆ ಮೌಲ್ಯಮಾಪನ ಕುಲಸಚಿವರ ಕಚೇರಿಗೆ, ನಿಗದಿತ ಶುಲ್ಕದೊಂದಿಗೆ ದ್ವಿಪ್ರತಿಗೆ ಅರ್ಜಿ ಹಾಕಿ. ನೋಂದಣಿ ಸಂಖ್ಯೆ, ಪರೀಕ್ಷೆ ಬರೆದ ತಿಂಗಳು ಮತ್ತು ವರ್ಷ ಇಲ್ಲದ ಅರ್ಜಿ ಅಲ್ಲೇ ಕೊಳೆಯುತ್ತದೆ. ಜೊತೆಗೆ ಘಟಿಕೋತ್ಸವ ಪ್ರಮಾಣಪತ್ರ ಪಡೆದಿದ್ದೀರಾ ನೋಡಿ. ತಾತ್ಕಾಲಿಕ ಪದವಿ ಪ್ರಮಾಣಪತ್ರದಲ್ಲೇ ಕೆಲಸ ಗಿಟ್ಟಿಸಿ, ಮೂಲ ಪದವಿಪತ್ರವನ್ನು ತೆಗೆದುಕೊಳ್ಳುವುದನ್ನೇ ಮರೆತವರು ಬೇಕಾದಷ್ಟು ಜನ. ಬೇರೆ ವಿವಿಗೆ ಹೋಗುವುದಾದರೆ ಮೈಗ್ರೇಷನ್ ಪ್ರಮಾಣಪತ್ರವೂ ಬೇಕು.

ಹೆಸರಿನ ವಿಷಯ. ಅರ್ಜಿಯಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರನ್ನೇ ಬರೆಯುವುದು ಕ್ಷೇಮ. ಆಧಾರ್ ಬೇರೆಯಿದ್ದರೆ ವಿವಾಹ ನೋಂದಣಿ ಪತ್ರ ಹಾಗೂ ‘ಎರಡೂ ಹೆಸರಿನವರು ಒಬ್ಬರೇ’ ಎಂಬ ಅಫಿಡವಿಟ್ ಲಗತ್ತಿಸಿ. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುವುದೂ ತಕರಾರಿಗೆ ಸಾಕು.

ಜಾತಿ ಪ್ರಮಾಣಪತ್ರದಲ್ಲಿ ಬಹಳ ಜನ ಎಡವುತ್ತಾರೆ. ನಾಡಕಚೇರಿಯಲ್ಲಿ ಸಿಗುವ 2ಎ, 3ಬಿ ಪತ್ರ ರಾಜ್ಯದ ವಿವಿಗಳಿಗೆ. ನೆಟ್‌ಗೆ, ಕೇಂದ್ರೀಯ ಸಂಸ್ಥೆಗಳಿಗೆ ಕೇಂದ್ರದ ನಮೂನೆಯ ಒಬಿಸಿ ಕೆನೆಪದರರಹಿತ ಪ್ರಮಾಣಪತ್ರವೇ ಬೇಕು, ಅದೂ ಹೊಸದಾಗಿ ಪಡೆದದ್ದು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಸಮುದಾಯಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ತಹಶೀಲ್ದಾರ್ ಕಚೇರಿಗೆ ಅಲೆಯುವ ಮೊದಲು ನಿಮ್ಮ ಸಮುದಾಯದ ಹೆಸರು ಕೇಂದ್ರದ ಪಟ್ಟಿಯಲ್ಲಿದೆಯೇ ಎಂದು ಖಚಿತ ಮಾಡಿಕೊಳ್ಳಿ. ನೀವು ಕಲಬುರಗಿಯವರು. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಅರ್ಹತಾ ಪತ್ರ ಇದ್ದರೆ ಅದನ್ನೂ ಕಡತದಲ್ಲಿ ಸೇರಿಸಿಡಿ.

ಎಂ.ಟೆಕ್. ಆಗಿ 12 ವರ್ಷ, ಕಂಪನಿ ಕೆಲಸದಲ್ಲಿದ್ದೇನೆ. ಅರೆಕಾಲಿಕ ಪಿಎಚ್‌ಡಿಗೆ ಅರ್ಜಿ ಹಾಕಿದ್ದೆ. ಎನ್‌ಒಸಿ ಸರಿಯಿಲ್ಲ ಎಂದು ತಿರಸ್ಕರಿಸಿದರು. ಎಚ್‌ಆರ್‌ನವರು ‘ನಮ್ಮ ಆಕ್ಷೇಪಣೆ ಇಲ್ಲ’ ಎಂದು ಲೆಟರ್‌ಹೆಡ್‌ನಲ್ಲೇ ಕೊಟ್ಟಿದ್ದರು.
– ಎಂಜಿನಿಯರ್, ಬೆಳಗಾವಿ

‘ಆಕ್ಷೇಪಣೆ ಇಲ್ಲ’ ಎಂಬ ಒಂದು ಸಾಲು ಸಾಲದು. ಪತ್ರದಲ್ಲಿ ಮೂರು ಮಾತು ಇರಲೇಬೇಕೆಂದು ನಿಯಮವೇ ಹೇಳುತ್ತದೆ: ಅಭ್ಯರ್ಥಿಗೆ ಅರೆಕಾಲಿಕವಾಗಿ ಓದಲು ಅನುಮತಿ ಕೊಡಲಾಗಿದೆ, ಅವರ ಕೆಲಸದ ಸ್ವರೂಪ ಸಂಶೋಧನೆಗೆ ಸಾಕಷ್ಟು ಸಮಯ ಬಿಡುತ್ತದೆ, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್ (ಪಿಎಚ್‌ಡಿಯ ಭಾಗವಾದ ತರಗತಿ ಪಾಠ) ಮುಗಿಸಲು ಕೆಲಸದಿಂದ ಬಿಡುಗಡೆ ಮಾಡಲಾಗುವುದು. ಎಚ್‌ಆರ್‌ಗಳು ಹಿಂಜರಿಯುವುದು ಮೂರನೆಯದಕ್ಕೆ. ಕರಡನ್ನು ನೀವೇ ಬರೆದು, ನಿಯಮದ ಪ್ರತಿಯನ್ನೂ ಜೊತೆಗಿಟ್ಟು ಕೊಡಿ. ನಿಯಮ ಕೇಳುವ ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್, ಅದರಲ್ಲಿ 2 ಕ್ರೆಡಿಟ್ ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆಯ ಪತ್ರಿಕೆ ಎಂದು ವಿವರಿಸಿದರೆ ಅವರ ಭಯ ಅರ್ಧ ಇಳಿಯುತ್ತದೆ. ಸಹಿ ಮಾಡುವವರು ಅಧಿಕಾರವುಳ್ಳವರಾಗಿರಬೇಕು, ತಂಡದ ಮ್ಯಾನೇಜರ್ ಸಹಿ ನಡೆಯುವುದಿಲ್ಲ. ಸರ್ಕಾರಿ ನೌಕರರಾದರೆ ಇಲಾಖೆಯ ಮೂಲಕವೇ ಹೋಗಬೇಕು. ಕಡತ ಮೇಜಿನಿಂದ ಮೇಜಿಗೆ ಹೋಗಲು ತಿಂಗಳುಗಳೇ ಹಿಡಿಯುತ್ತವೆ, ಅಧಿಸೂಚನೆಗೆ ಕಾಯದೆ ಅರ್ಜಿ ಕೊಟ್ಟಿರಿ.

ಕೆಲಸ ಬದಲಿಸಿದರೆ ಹೊಸ ಸಂಸ್ಥೆಯಿಂದ ಮತ್ತೆ ಎನ್‌ಒಸಿ ಕೇಳುವುದುಂಟು. ಇದನ್ನು ಮುಚ್ಚಿಟ್ಟು ಪ್ರಬಂಧ ಸಲ್ಲಿಸುವ ಹೊತ್ತಿಗೆ ಸಿಕ್ಕಿಹಾಕಿಕೊಳ್ಳಬೇಡಿ.

ಕಂಪನಿಯವರು ಮರೆಯುವ, ವಿದ್ಯಾರ್ಥಿಗಳೂ ಮರೆಯುವ ಒಂದು ವಿಷಯವಿದೆ. ಅಂಗೀಕಾರವಾದ ಪ್ರಬಂಧ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಎಂಬ ಆನ್‌ಲೈನ್ ಪ್ರಬಂಧ ಭಂಡಾರಕ್ಕೆ ಹೋಗುತ್ತದೆ, ಯಾರು ಬೇಕಾದರೂ ಓದಬಹುದು. ಕಂಪನಿಯ ಒಳಗಿನ ದತ್ತಾಂಶ ಬಳಸುವುದಾದರೆ ಯಾವುದನ್ನು ಪ್ರಕಟಿಸಬಹುದು, ಯಾವುದನ್ನು ಮರೆಮಾಚಬೇಕು, ಪೇಟೆಂಟ್ ಹುಟ್ಟಿದರೆ ಯಾರದು ಎಂದು ಸೇರುವ ಮೊದಲೇ ಲಿಖಿತವಾಗಿ ತೀರ್ಮಾನವಾಗಲಿ. ಮೂರು ವರ್ಷದ ಪ್ರಯೋಗ ಮುಗಿದ ಮೇಲೆ ಕಾನೂನು ವಿಭಾಗ ಬೇಡ ಎಂದರೆ ಪ್ರಬಂಧವೇ ಇಲ್ಲ.

ಎಲ್ಲಿ ಎಂಬುದಕ್ಕೆ: ನಿಮ್ಮೂರಿನಲ್ಲೇ ಇರುವ ವಿಶ್ವೇಶ್ವರಯ್ಯ ತಾಂತ್ರಿಕ ವಿವಿ (ವಿಟಿಯು) ಅರೆಕಾಲಿಕ ನೋಂದಣಿ ಕೊಡುತ್ತದೆ, ಅದರ ಮಾನ್ಯತೆ ಪಡೆದ ಸಂಶೋಧನಾ ಕೇಂದ್ರಗಳು ರಾಜ್ಯದ ಕಾಲೇಜುಗಳಲ್ಲೂ ಇವೆ. ಸಂಶೋಧನೆ ಮತ್ತು ಅಭಿವೃದ್ಧಿ ವಿಭಾಗವಿರುವ ಸಂಸ್ಥೆಯ ನೌಕರರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ಬಾಹ್ಯ ನೋಂದಣಿ ಯೋಜನೆ ಇದೆ. ಅದು ಕಠಿಣ. ನೀವು ಕೆಲಸ ಮಾಡುವ ಸಂಸ್ಥೆಯಲ್ಲೂ ಒಬ್ಬ ಮಾರ್ಗದರ್ಶಕರು ಬೇಕು.

ಮಾರ್ಗದರ್ಶಕರಿಗಾಗಿ ಇಪ್ಪತ್ತು ಪ್ರಾಧ್ಯಾಪಕರಿಗೆ ಇಮೇಲ್ ಕಳಿಸಿದೆ. ಒಬ್ಬರೂ ಉತ್ತರಿಸಲಿಲ್ಲ. ಕಾಲೇಜು ಬಿಟ್ಟು ಬಹಳ ದಿನವಾದ್ದರಿಂದ ಹೀಗಾಗುತ್ತಿದೆಯೇ?
– ಎನ್‌ಜಿಒ ಕಾರ್ಯಕರ್ತೆ, ಧಾರವಾಡ

ಓದು ಬಿಟ್ಟದ್ದು ಕಾರಣವಲ್ಲ. ಇಪ್ಪತ್ತೂ ಜನರಿಗೆ ಒಂದೇ ಪತ್ರ ಹೋಗಿರುವುದು ಕಾರಣವಿರಬಹುದು. ‘ಗೌರವಾನ್ವಿತ ಸರ್/ಮೇಡಂ, ತಮ್ಮ ಅಡಿಯಲ್ಲಿ ಪಿಎಚ್‌ಡಿ ಮಾಡಲು ಇಚ್ಛಿಸುತ್ತೇನೆ, ವಿಷಯ ತಾವೇ ಸೂಚಿಸಬೇಕು’ ಎಂಬ ಪತ್ರ ಅವರಿಗೆ ವಾರಕ್ಕೆ ಹಲವು ಬರುತ್ತವೆ.

ಬರೆಯುವ ಮುಂಚೆ ಅವರಲ್ಲಿ ಜಾಗವಿದೆಯೇ ನೋಡಿ. ಒಬ್ಬ ಪ್ರಾಧ್ಯಾಪಕರು ಒಮ್ಮೆಗೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನರಿಗಿಂತ ಹೆಚ್ಚು ಪಿಎಚ್‌ಡಿ ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳುವಂತಿಲ್ಲ. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ನಮ್ಮ ರಾಜ್ಯದ ವಿವಿಗಳಲ್ಲಿ ನಿವೃತ್ತಿ ವಯಸ್ಸು 62, ಆದ್ದರಿಂದ 59 ದಾಟಿದ ಹೆಸರಾಂತರಿಗೆ ಬರೆದು ಕಾಯುವುದು ವ್ಯರ್ಥ. ಮಾರ್ಗದರ್ಶಕರಾಗಲು ಪ್ರಾಧ್ಯಾಪಕರಿಗೂ ಸಹ ಪ್ರಾಧ್ಯಾಪಕರಿಗೂ ಕನಿಷ್ಠ 5, ಸಹಾಯಕ ಪ್ರಾಧ್ಯಾಪಕರಿಗೆ 3 ಪ್ರಕಟಿತ ಸಂಶೋಧನಾ ಲೇಖನ ಇರಬೇಕು. ನಲವತ್ತರ ಆಸುಪಾಸಿನ ಸಹ ಪ್ರಾಧ್ಯಾಪಕರನ್ನು ಹುಡುಕಿ ಎಂಬುದು ನಮ್ಮ ಸಲಹೆ. ಅವರಿಗೆ ಬಿಡುವೂ ಇರುತ್ತದೆ, ನಿಮ್ಮ ಪ್ರಬಂಧ ಮುಗಿಯಬೇಕೆಂಬ ಸ್ವಂತ ಅಗತ್ಯವೂ ಇರುತ್ತದೆ. ನಿಮಗಿಂತ ಕಿರಿಯರಾದರೆ ಏನಂತೆ?

ಹುಡುಕುವುದು ಹೇಗೆ? ಶೋಧಗಂಗಾದಲ್ಲಿ ನಿಮ್ಮ ವಿಷಯದ ಇತ್ತೀಚಿನ ಪ್ರಬಂಧಗಳನ್ನು ತೆರೆದು ಮಾರ್ಗದರ್ಶಕರ ಹೆಸರು ಬರೆದಿಟ್ಟುಕೊಳ್ಳಿ. ಶೋಧಗಂಗೋತ್ರಿಯಲ್ಲಿ ಈಗ ನಡೆಯುತ್ತಿರುವ ಸಂಶೋಧನೆಗಳ ಸಿನಾಪ್ಸಿಸ್‌ಗಳಿರುತ್ತವೆ (ಸಂಶೋಧನೆಯ ಸಂಕ್ಷಿಪ್ತ ಪ್ರಸ್ತಾವಗಳು). ಅವರ ಒಂದಾದರೂ ಲೇಖನವನ್ನು ಪೂರ್ತಿ ಓದಿ. ಇಪ್ಪತ್ತು ಬೇಡ, ನಾಲ್ಕೈದು ಹೆಸರು ಸಾಕು.

ಪತ್ರ 200 ಪದ ದಾಟಬಾರದು. ವಿಷಯದ ಸಾಲಿನಲ್ಲಿ ನಿಮ್ಮ ಸಂಶೋಧನೆಯ ಪ್ರಶ್ನೆಯನ್ನೇ ಹಾಕಿ. ಒಳಗೆ ನೀವು ಯಾರು, ಇಷ್ಟು ವರ್ಷ ಏನು ಕೆಲಸ ಮಾಡಿದಿರಿ ಎಂದು ಎರಡು ಸಾಲು. ಅವರ ಯಾವ ಬರಹಕ್ಕೂ ನಿಮ್ಮ ಪ್ರಶ್ನೆಗೂ ಏನು ನಂಟು ಎಂದು ಎರಡು ಸಾಲು. ನೆಟ್ ಅಥವಾ ಪ್ರವೇಶ ಪರೀಕ್ಷೆಯ ಸ್ಥಿತಿ, ಪೂರ್ಣಾವಧಿಯೋ ಅರೆಕಾಲಿಕವೋ. ಕೊನೆಗೆ ಒಂದೇ ಕೋರಿಕೆ: ಈ ಸರದಿಯಲ್ಲಿ ನಿಮ್ಮಲ್ಲಿ ಸ್ಥಾನ ಖಾಲಿಯಿದೆಯೇ, 15 ನಿಮಿಷ ಮಾತಾಡಬಹುದೇ? ಒಂದು ಪುಟದ ಪ್ರಸ್ತಾವ ಲಗತ್ತಿಸಿ. ಎರಡು ವಾರ ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ. ಅದಕ್ಕೂ ಬರದಿದ್ದರೆ ವಿಭಾಗಕ್ಕೇ ಹೋಗಿ ಭೇಟಿಯಾಗಿ. ನಮ್ಮ ವಿವಿಗಳಲ್ಲಿ ಇಮೇಲ್ ನೋಡದ, ಆದರೆ ಎದುರಿಗೆ ಹೋದರೆ ಗಂಟೆಗಟ್ಟಲೆ ಮಾತಾಡುವ ಮೇಷ್ಟ್ರುಗಳು ಇನ್ನೂ ಇದ್ದಾರೆ. ಎನ್‌ಜಿಒದಲ್ಲಿ ಇದ್ದವರಿಗೆ ಒಂದು ಬಲವಿದೆ. ಯಾವ ಹಳ್ಳಿ, ಯಾವ ಜನ, ಯಾವ ದಾಖಲೆ ನಿಮ್ಮ ಕೈಗೆಟುಕುತ್ತದೆ ಎಂದು ಪತ್ರದಲ್ಲಿ ಹೇಳಿ. ನೇರ ಎಂ.ಎ.ಯಿಂದ ಬಂದವರಿಗೆ ಅದು ಇರುವುದಿಲ್ಲ.

ಮಾರ್ಗದರ್ಶಕರು ಬಾಯಲ್ಲಿ ಒಪ್ಪಿದ ಮಾತ್ರಕ್ಕೆ ಪ್ರವೇಶವಾಯಿತೆಂದಲ್ಲ. ಯಾರಿಗೆ ಯಾರು ಎಂಬ ಹಂಚಿಕೆ ಸಂದರ್ಶನದ ನಂತರ ವಿಭಾಗದಲ್ಲಿ ಆಗುತ್ತದೆ.

ಸಿನಾಪ್ಸಿಸ್ ಬರೆಯುವುದು ಹೇಗೆ? ನನ್ನ ವಿಷಯ ‘ಸ್ವಸಹಾಯ ಸಂಘಗಳು ಮತ್ತು ಗ್ರಾಮೀಣ ಮಹಿಳೆಯರ ಸಬಲೀಕರಣ’.
– ಸಹಕಾರಿ ಬ್ಯಾಂಕ್ ಅಧಿಕಾರಿ, ರಾಯಚೂರು

ಈ ಶೀರ್ಷಿಕೆಯನ್ನು ಶೋಧಗಂಗಾದಲ್ಲಿ ಹಾಕಿ ನೋಡಿ, ಜಿಲ್ಲೆಯ ಹೆಸರು ಮಾತ್ರ ಬದಲಾಗಿರುವ ಪ್ರಬಂಧಗಳ ಸಾಲೇ ಸಿಗುತ್ತದೆ. ನಿಮ್ಮ ಪ್ರಸ್ತಾವ ನೋಡುವ ಸಮಿತಿಯವರೂ ಅವನ್ನೆಲ್ಲ ನೋಡಿದವರೇ. ವಿಷಯ ಕೆಟ್ಟದ್ದೆಂದಲ್ಲ, ಅಲ್ಲಿ ಪ್ರಶ್ನೆಯೇ ಇಲ್ಲ.

ನೀವು ಸಾಲದ ಮೇಜಿನ ಈಚೆ ಕೂತವರು, ಅಲ್ಲಿಂದಲೇ ಪ್ರಶ್ನೆ ತೆಗೆಯಿರಿ. ಸಂಘದ ಹೆಸರಿನಲ್ಲಿ ಪಡೆದ ಸಾಲವನ್ನು ಸದಸ್ಯೆಯರು ಒಳಗೊಳಗೆ ಹೇಗೆ ಹಂಚಿಕೊಳ್ಳುತ್ತಾರೆ? ಬರ ಬಂದ ವರ್ಷ ಮರುಪಾವತಿಗೆ ಖಾಸಗಿ ಮೈಕ್ರೋಫೈನಾನ್ಸ್ ಸಾಲ ತರುತ್ತಾರೆಯೇ? ತಂದರೆ ಯಾವ ಸಂಘಗಳು ಮುರಿಯುತ್ತವೆ, ಯಾವುವು ಉಳಿಯುತ್ತವೆ? ಒಂದು ನೀರಾವರಿ ತಾಲ್ಲೂಕು, ಒಂದು ಒಣಭೂಮಿ ತಾಲ್ಲೂಕು ಹಿಡಿದು ಹೋಲಿಸಿ. ಉದಾಹರಣೆಗೆ ಸಿಂಧನೂರು ಮತ್ತು ದೇವದುರ್ಗ. ಎರಡಕ್ಕೂ ಕಾಲುವೆ ಇದೆ ಎಂದು ಯಾರಾದರೂ ಸಂದರ್ಶನದಲ್ಲಿ ತಗಾದೆ ತೆಗೆಯಬಹುದು, ಆದ್ದರಿಂದ ಆಯ್ಕೆಯನ್ನು ತಾಲ್ಲೂಕಿನಿಂದ ಹಳ್ಳಿಯ ಮಟ್ಟಕ್ಕೆ ಇಳಿಸಿ ಕಾರಣ ಬರೆಯಿರಿ. ಈಗ ಶೀರ್ಷಿಕೆಯಲ್ಲಿ ಸ್ಥಳ, ಕಾಲ, ಹೋಲಿಕೆ ಮೂರೂ ಬಂದವು. ‘ಸಬಲೀಕರಣ’ ಬಿಟ್ಟುಹೋಯಿತು, ಹೋಗಲಿ.

ಉದ್ದ 1,500ರಿಂದ 2,500 ಪದ ಸಾಕು, ವಿವಿ ಬೇರೆ ಮಿತಿ ಹೇಳಿದ್ದರೆ ಅದೇ ಅಂತಿಮ. ಅರ್ಧ ಪುಟದಲ್ಲಿ ಸಮಸ್ಯೆ. ಒಂದೂವರೆ ಪುಟದಲ್ಲಿ ಈವರೆಗೆ ಯಾರು ಏನು ಹೇಳಿದ್ದಾರೆ, ಎಲ್ಲಿ ಬಿಟ್ಟಿದ್ದಾರೆ. ‘ಅವರು ಹೀಗೆಂದರು, ಇವರು ಹೀಗೆಂದರು’ ಎಂದು ಒಬ್ಬೊಬ್ಬರಿಗೊಂದು ಪ್ಯಾರಾ ಕೊಟ್ಟರೆ ಅದು ಪಟ್ಟಿಯಾಗುತ್ತದೆ. ವಾದದ ಪ್ರಕಾರ ಗುಂಪು ಮಾಡಿ. 15–20 ಬರಹಗಳಲ್ಲಿ ಅರ್ಧವಾದರೂ ಕಳೆದ ಐದಾರು ವರ್ಷದವಿರಲಿ. ಓದು ಬಿಟ್ಟು ಬಂದವರ ಪ್ರಸ್ತಾವ ಸಿಕ್ಕಿಬೀಳುವುದೇ ಇಲ್ಲಿ: ಉಲ್ಲೇಖಗಳೆಲ್ಲ ಅವರು ಎಂ.ಎ. ಓದಿದ ಕಾಲಕ್ಕೇ ನಿಂತಿರುತ್ತವೆ. ಆಮೇಲೆ ಮೂರು ನಾಲ್ಕು ಪ್ರಶ್ನೆ, ವಿಧಾನ, ಅಧ್ಯಾಯ ವಿಂಗಡಣೆ, ವರ್ಷವಾರು ಕಾಲಪಟ್ಟಿ.

ವಿಧಾನದಲ್ಲಿ ‘384 ಜನರ ಸಮೀಕ್ಷೆ’ ಎಂದು ಬರೆಯುವ ಮುನ್ನ ಯೋಚಿಸಿ. ದೊಡ್ಡ ಜನಸಂಖ್ಯೆಗೆ ಶೇ 95 ವಿಶ್ವಾಸ, ಶೇ 5 ದೋಷಮಿತಿ ಇಟ್ಟುಕೊಂಡರೆ ಸೂತ್ರದಿಂದ ಬರುವ ಅಂಕಿ ಅದು. ಆದರೆ ಪೂರ್ತಿ ಪಟ್ಟಿಯಿಂದ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿದಾಗ ಮಾತ್ರ ಅದಕ್ಕೆ ಅರ್ಥ. ಪರಿಚಯದ ಸಂಘಗಳಿಗೆ ಹೋಗಿ 384 ಪ್ರಶ್ನಾವಳಿ ತುಂಬಿಸಿದರೆ ಸಂಖ್ಯೆ ಇರುತ್ತದೆ, ಬಲ ಇರುವುದಿಲ್ಲ. ಪಟ್ಟಿ ಎಲ್ಲಿಂದ ಸಿಗುತ್ತದೆ, ಹೇಗೆ ಆರಿಸುತ್ತೀರಿ ಎಂದು ಬರೆಯಿರಿ. ನಿಮ್ಮದೇ ಬ್ಯಾಂಕಿನ ಗ್ರಾಹಕರಾದರೆ ‘ಸಾಲ ಕೊಡುವವರೇ ಬಂದು ಕೇಳಿದರೆ ಅವರು ನಿಜ ಹೇಳುತ್ತಾರೆಯೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೇರೆ ಬ್ಯಾಂಕಿನ ಸಂಘಗಳನ್ನು ಆರಿಸುವುದು ಒಂದು ಪರಿಹಾರ.

ಉಲ್ಲೇಖಗಳಿಗೆ ಜೊಟೆರೊ ಎಂಬ ಉಚಿತ ತಂತ್ರಾಂಶವನ್ನು ಮೊದಲ ದಿನದಿಂದ ಬಳಸಿ. ಇಂಟರ್ನೆಟ್ಟಿನಿಂದ ಎತ್ತಿ ಅಂಟಿಸುವ ಚಟ ಬೇಡ. ಯುಜಿಸಿಯ 2018ರ ಕೃತಿಚೌರ್ಯ ನಿಯಮದಂತೆ ಶೇ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ಅದರಾಚೆ ಮೂರು ಹಂತಗಳಿವೆ. ಶೇ 60 ದಾಟಿದರೆ ನೋಂದಣಿಯೇ ರದ್ದು.

ಪ್ರವೇಶ ಪರೀಕ್ಷೆಗೆ ಏನು ಓದಲಿ? ಸಂದರ್ಶನದಲ್ಲಿ ‘ಇಷ್ಟು ವರ್ಷ ಏನು ಮಾಡಿದಿರಿ’ ಎಂದರೆ ಏನು ಹೇಳಲಿ?
– ಶಿವಮೊಗ್ಗ, ಮಂಡ್ಯ, ಉಡುಪಿಯ ಓದುಗರು

ಪ್ರಶ್ನೆಗಳಲ್ಲಿ ಅರ್ಧ ಸಂಶೋಧನಾ ವಿಧಾನ, ಅರ್ಧ ನಿಮ್ಮ ವಿಷಯ. ಸಂದರ್ಶನಕ್ಕೆ ಕರೆ ಬರಲು ಶೇ 50 ಬೇಕು, ಮೀಸಲು ವರ್ಗಕ್ಕೆ ಶೇ 5 ಕಡಿಮೆ. ಅಂತಿಮ ಪಟ್ಟಿಯಲ್ಲಿ ಪರೀಕ್ಷೆಗೆ 70, ಸಂದರ್ಶನಕ್ಕೆ 30. ವಿಷಯ ಮರೆತಿರುತ್ತದೆ, ಆದರೆ ವಿಧಾನದ ಭಾಗ ಎಲ್ಲರಿಗೂ ಹೊಸದೇ. ಅಲ್ಲಿ ನೀವು ಹಿಂದೆ ಇಲ್ಲ. ಚರಾಂಶ, ಪ್ರಾಕ್ಕಲ್ಪನೆ, ಮೊದಲನೆಯ ಮತ್ತು ಎರಡನೆಯ ಬಗೆಯ ದೋಷ, ಮಾದರಿ ಆಯ್ಕೆಯ ವಿಧಗಳು, ವಿಶ್ವಾಸಾರ್ಹತೆಗೂ ಸಿಂಧುತ್ವಕ್ಕೂ ಇರುವ ವ್ಯತ್ಯಾಸ, ಉಲ್ಲೇಖ ಪದ್ಧತಿಗಳು: ಇಷ್ಟನ್ನು ದಿನಕ್ಕೊಂದು ಗಂಟೆಯಂತೆ ಎರಡು ತಿಂಗಳಲ್ಲಿ ಮುಗಿಸಬಹುದು. ನೆಟ್ ಮೊದಲ ಪತ್ರಿಕೆಯ ಹಳೆಯ ಪ್ರಶ್ನೆಗಳೇ ಒಳ್ಳೆಯ ಅಭ್ಯಾಸ.

ಸಂದರ್ಶನದಲ್ಲಿ ಕ್ಷಮೆ ಕೇಳುವ ಧಾಟಿ ಬೇಡ. ‘2009ರಿಂದ ಮನೆ ನೋಡಿಕೊಂಡೆ, 2021ರಿಂದ ಈ ವಿಷಯ ಓದುತ್ತಿದ್ದೇನೆ, ಈ ಲೇಖನ ಬರೆದೆ’ ಎಂದು ಎರಡು ವಾಕ್ಯದಲ್ಲಿ ಮುಗಿಸಿ ಪ್ರಸ್ತಾವಕ್ಕೆ ಬನ್ನಿ. ಅವರ ನಿಜವಾದ ಅನುಮಾನ ‘ಇವರು ಅರ್ಧಕ್ಕೆ ಬಿಡುತ್ತಾರೇನೋ’ ಎಂಬುದು. ಆರು ತಿಂಗಳಿಗೊಮ್ಮೆ ಸಲಹಾ ಸಮಿತಿಯ ಮುಂದೆ ಪ್ರಗತಿ ತೋರಿಸಬೇಕಾಗುತ್ತದೆಂದು ನಿಮಗೆ ಗೊತ್ತಿದೆ, ವಾರಕ್ಕೆ ಇಷ್ಟು ಗಂಟೆ ತೆಗೆದಿಟ್ಟಿದ್ದೀರಿ ಎಂದು ಕಂಡರೆ ಅದು ಕರಗುತ್ತದೆ.

ಅರೆಕಾಲಿಕರಿಗೆ ಫೆಲೋಷಿಪ್ ಉಂಟೇ?
– ಪುತ್ತೂರು

ಇಲ್ಲವೆಂದೇ ತಿಳಿಯಿರಿ. ಜೆಆರ್‌ಎಫ್ ಸೇರಿ ಮುಖ್ಯ ಫೆಲೋಷಿಪ್‌ಗಳೆಲ್ಲ ಪೂರ್ಣಾವಧಿಯವರಿಗೆ. ಜೆಆರ್‌ಎಫ್ ಮೊತ್ತ 2023ರ ಜನವರಿಯಿಂದ ಮೊದಲೆರಡು ವರ್ಷ ತಿಂಗಳಿಗೆ 37,000, ನಂತರ 42,000 ರೂಪಾಯಿ. ವಿಜ್ಞಾನ ಓದಿ ಬಿಟ್ಟ ಮಹಿಳೆಯರು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಪಿಎಚ್‌ಡಿ ಯೋಜನೆಯನ್ನೂ, ಸಮಾಜವಿಜ್ಞಾನದವರು ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಮಂಡಳಿಯ (ಐಸಿಎಸ್‌ಎಸ್‌ಆರ್) ಫೆಲೋಷಿಪ್‌ಗಳನ್ನೂ ನೋಡಿ.

ಬಿ.ಇ. ಆಗಿ 11 ವರ್ಷ. ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಪಿಎಚ್‌ಡಿಗೆ ಮೂರು ಶಿಫಾರಸು ಪತ್ರ ಕೇಳುತ್ತಾರೆ. ನನ್ನ ಪ್ರೊಫೆಸರುಗಳು ನಿವೃತ್ತರಾಗಿದ್ದಾರೆ, ನನ್ನನ್ನು ಮರೆತಿದ್ದಾರೆ.
– ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಮರೆತವರಿಂದ ಬರೆಸಿದ ಪತ್ರ ಹಾನಿಯನ್ನೇ ಮಾಡುತ್ತದೆ. ‘ಶ್ರಮಜೀವಿ, ಸಮಯಪಾಲಕ’ ಎಂಬ ಮ್ಯಾನೇಜರ್ ಪತ್ರವೂ ಅಷ್ಟೇ. ಪ್ರವೇಶ ಸಮಿತಿಯವರಿಗೆ ಬೇಕಾದದ್ದು ನೀವು ಉತ್ತರ ಗೊತ್ತಿಲ್ಲದ ಸಮಸ್ಯೆಯೊಂದನ್ನು ಬಿಡಿಸಿದ್ದನ್ನು ಹತ್ತಿರದಿಂದ ಕಂಡವರ ಮಾತು. ಕಚೇರಿಯಲ್ಲಿ ಪಿಎಚ್‌ಡಿ ಆದ ಹಿರಿಯರಿದ್ದರೆ ಅವರಿಂದ ಒಂದು ಪತ್ರ. ಇನ್ನೊಂದಕ್ಕೆ ಬೆಂಗಳೂರಿನ ಯಾವುದಾದರೂ ಸಂಸ್ಥೆಯ ಅಧ್ಯಾಪಕರ ಜೊತೆ ವಾರಾಂತ್ಯದ ಯೋಜನೆಯಲ್ಲಿ ಎಂಟು ಹತ್ತು ತಿಂಗಳು ಕೆಲಸ ಮಾಡಿ. ಅರ್ಜಿ ಒಂದು ವರ್ಷ ತಡವಾದರೂ ಲಾಭವೇ. ಮೂವರಲ್ಲಿ ಒಬ್ಬರಾದರೂ ಬೋಧಕರಿರಲಿ. ಗಡುವಿಗೆ ಎರಡು ತಿಂಗಳು ಮೊದಲೇ ಕೇಳಿ. ನಿಮ್ಮ ಉದ್ದೇಶಪತ್ರ, ಮಾಡಿದ ಕೆಲಸದ ಟಿಪ್ಪಣಿ, ಗಡುವುಗಳ ಪಟ್ಟಿ ಜೊತೆಗೇ ಕಳಿಸಿ.

ಗಡುವು ಬಹಳ ವಿಭಾಗಗಳಲ್ಲಿ ಡಿಸೆಂಬರ್ ಮೊದಲ ಹದಿನೈದು ದಿನದಲ್ಲೇ ಬೀಳುತ್ತದೆ, ಆಹ್ವಾನಕ್ಕೆ ಉತ್ತರಿಸಲು ಸಾಮಾನ್ಯವಾಗಿ ಏಪ್ರಿಲ್ 15ರವರೆಗೆ ಸಮಯವಿರುತ್ತದೆ. ಇಂಗ್ಲಿಷ್ ಭಾಷಾ ಪರೀಕ್ಷೆಯಾದ ಟೋಫೆಲ್ ಅಂಕ 2 ವರ್ಷ, ಉನ್ನತ ಶಿಕ್ಷಣದ ಪ್ರವೇಶ ಪರೀಕ್ಷೆಯಾದ ಜಿಆರ್‌ಇ ಅಂಕ 5 ವರ್ಷ ಚಾಲ್ತಿ. ಹಲವು ವಿಭಾಗಗಳು ಈಗ ಜಿಆರ್‌ಇ ಕೇಳುವುದೇ ಇಲ್ಲ, ಮೊದಲು ನೋಡಿ ಆಮೇಲೆ ಹಣ ಕಟ್ಟಿ. ಅಲ್ಲಿ ಪಿಎಚ್‌ಡಿಗೆ ನಾಲ್ಕು ವರ್ಷದ ಬಿ.ಇ. ಸಾಮಾನ್ಯವಾಗಿ ಸಾಕಾಗುತ್ತದೆ. ಕಾಲೇಜಿನ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ತರಿಸಲು ವಾರಗಳು ಹಿಡಿಯಬಹುದು. ಅದಕ್ಕೆ ಸೆಪ್ಟೆಂಬರ್‌ನಲ್ಲೇ ಅರ್ಜಿ ಹಾಕಿ.

ಮೂರೂವರೆ ಲಕ್ಷ ಕೊಟ್ಟರೆ ಹೊರರಾಜ್ಯದ ವಿವಿಯಲ್ಲಿ ಒಂದೂವರೆ ವರ್ಷಕ್ಕೆ ಪಿಎಚ್‌ಡಿ, ಹೋಗುವುದೇ ಬೇಡ, ಪ್ರಬಂಧವನ್ನೂ ಅವರೇ ಬರೆಸುತ್ತಾರಂತೆ. ನಂಬಬಹುದೇ?
– ಖಾಸಗಿ ಶಾಲೆಯ ಶಿಕ್ಷಕರು, ವಿಜಯಪುರ

ಬೇಡ. ಕನಿಷ್ಠ ಅವಧಿಯೇ 3 ವರ್ಷ, ಹಾಗಾಗಿ ಒಂದೂವರೆ ವರ್ಷ ಎಂದ ತಕ್ಷಣ ಮಾತು ಮುಗಿಯಿತು. ದೂರಶಿಕ್ಷಣ ಅಥವಾ ಆನ್‌ಲೈನ್ ಕ್ರಮದ ಪಿಎಚ್‌ಡಿಗೆ ಅವಕಾಶವೇ ಇಲ್ಲ. ವಿದೇಶಿ ವಿವಿಗಳ ಹೆಸರಿನಲ್ಲಿ ಎಡ್‌ಟೆಕ್ ಕಂಪನಿಗಳು ಮಾರುವ ಆನ್‌ಲೈನ್ ಪಿಎಚ್‌ಡಿಗೆ ಮಾನ್ಯತೆಯಿಲ್ಲವೆಂದು ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇ 2022ರಲ್ಲೇ ಎಚ್ಚರಿಸಿವೆ. ಕಾನೂನುಬದ್ಧವಾಗಿ ಸ್ಥಾಪನೆಯಾದ ವಿವಿ ಎಂದ ಮಾತ್ರಕ್ಕೂ ಭರವಸೆ ಇಲ್ಲ: ನಿಯಮ ಪಾಲಿಸಲಿಲ್ಲವೆಂದು ರಾಜಸ್ಥಾನದ ಮೂರು ಖಾಸಗಿ ವಿವಿಗಳಿಗೆ 2025ರ ಜನವರಿಯಲ್ಲಿ ಯುಜಿಸಿ ಐದು ವರ್ಷ ಪಿಎಚ್‌ಡಿ ಪ್ರವೇಶವನ್ನೇ ನಿಷೇಧಿಸಿತು.

ಸಾಚಾ ಎನಿಸುವ ಕಡೆಯೂ ನಾಲ್ಕು ವಿಷಯ ಕೇಳಿ ನೋಡಿ. ಮಾರ್ಗದರ್ಶಕರು ಆ ವಿವಿಯ ಕಾಯಂ ಅಧ್ಯಾಪಕರೇ? ಪ್ರವೇಶ ಪರೀಕ್ಷೆಯ ಅಧಿಸೂಚನೆ, ಫಲಿತಾಂಶ ವಿವಿಯ ಜಾಲತಾಣದಲ್ಲಿವೆಯೇ? ಕೋರ್ಸ್‌ವರ್ಕ್ ತರಗತಿ ಎಲ್ಲಿ, ಯಾವ ದಿನ? ಅವರ ಹಳೆಯ ಪ್ರಬಂಧಗಳು ಶೋಧಗಂಗಾದಲ್ಲಿ ಸಿಗುತ್ತವೆಯೇ? ಒಂದಕ್ಕೆ ಉತ್ತರ ತಡವರಿಸಿದರೂ ಮುಂಗಡ ಕೊಡಬೇಡಿ. ಕೊಟ್ಟಾಗಿದ್ದರೆ ರಸೀದಿ, ವಾಟ್ಸಾಪ್ ಸಂದೇಶ, ಬ್ಯಾಂಕ್ ವರ್ಗಾವಣೆಯ ವಿವರ ಅಳಿಸದೆ ಇಟ್ಟುಕೊಂಡು ಠಾಣೆಗೆ ದೂರು ಕೊಡಿ, ಪ್ರತಿಯನ್ನು ಯುಜಿಸಿಗೂ ಕಳಿಸಿ.